ಒಗ್ಗರಣೆ ಸೌಟಿನಲ್ಲಿ ಕರಗಿದ ಸೀಸ

ನನ್ನ ಕಾಯಿಲೆಯನ್ನು ನಾನೇ ಮನೆಗೆ ತಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ದಿನಗಳಲ್ಲಿ ಇಂಥ ಬರಹಗಳನ್ನು ಹುಡುಕಿ ಹುಡುಕಿ ಓದಿದ್ದೇನೆ; ಎಲ್ಲದರಲ್ಲೂ ಕಾಯಿಲೆ ಎಲ್ಲಿಂದಲೋ ಹೇಳದೆ ಕೇಳದೆ ಬರುತ್ತದೆ. ನನ್ನದು ಹಾಗೆ ಬರಲಿಲ್ಲ. ಬನಶಂಕರಿಯ ಒಂದು ಟೈರ್ ಅಂಗಡಿಯಿಂದ ಅದನ್ನು ತರಕಾರಿ ಚೀಲದಲ್ಲಿ ಹೊತ್ತು ತಂದೆ, ಗ್ಯಾಸ್ ಒಲೆಯ ಮೇಲೆ ಕರಗಿಸಿದೆ, ಊಟದ ಮೇಜಿನ ಮೇಲಿಟ್ಟು ಉಜ್ಜಿದೆ. ಆಗ ನನ್ನ ಮಗಳು ಇಂಚರಾಗೆ ಐದೂವರೆ ವರ್ಷ. ಕೈಯಾರೆ ತಂದುಕೊಂಡವರು ನನ್ನಂತೆ ಇನ್ನೂ ಯಾರಾದರೂ ಇದ್ದರೆ, ಇದು ಅವರಿಗಾಗಿ.

ನಾನು ಹಲ್ಲಿನ ಲ್ಯಾಬಿನವಳು. ಜಯನಗರದ ಒಂದು ಹಳೆಯ ದಂತ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು, ಕ್ಯಾಪು ಮಾಡುವುದು ನನ್ನ ಕೆಲಸ. ಮೇಣದಲ್ಲಿ ಕೆತ್ತಬೇಕು, ಅಚ್ಚು ತೆಗೆಯಬೇಕು, ಎರಕ ಹೊಯ್ದು ಉಜ್ಜಬೇಕು, ಆಮೇಲೆ ಸಣ್ಣ ಬ್ರಶ್ಶಿನಿಂದ ಪಕ್ಕದ ಹಲ್ಲಿನ ಹಳದಿಗೆ ಹೊಂದುವ ಹಳದಿ ಕೂಡಿಸಬೇಕು. ಒಳ್ಳೆಯ ಕೆಲಸ ಎಂದರೆ ಯಾರ ಕಣ್ಣಿಗೂ ಬೀಳದ ಕೆಲಸ. ಹದಿನಾರು ವರ್ಷ ಯಾರ ಕಣ್ಣಿಗೂ ಬೀಳದಂತೆ ಕೆಲಸ ಮಾಡಿದ ಮೇಲೆ ಯಾರಾದರೂ ನೋಡಿ ಬಾಯಿ ಬಿಡುವಂಥದ್ದು ಏನಾದರೂ ಮಾಡಬೇಕು ಅನ್ನಿಸಿದರೆ ತಪ್ಪಲ್ಲವಲ್ಲ.

ಒಂದು ದಿನ ಬಸವರಾಜ ಎನ್ನುವವನು ಮುಂದಿನ ಹಲ್ಲು ಮುರಿದುಕೊಂಡು ಬಂದ. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ಮನೆ, ಮೂವತ್ತರ ಆಸುಪಾಸು. ಕ್ಯಾಪಿನ ಬಣ್ಣ ಹೊಂದಿಸಲು ನನ್ನ ಕೋಣೆಗೆ ಬಂದವನು, ಉಳಿದ ಮೇಣದಲ್ಲಿ ನಾನು ಸುಮ್ಮನೆ ಕೆತ್ತಿಟ್ಟಿದ್ದ ಮೊಸಳೆಯನ್ನು ಕಂಡು ತನ್ನ ಹಲ್ಲನ್ನೇ ಮರೆತ. ಅವನೂ ಮೂವರು ಗೆಳೆಯರೂ ಭಾನುವಾರ ಮಧ್ಯಾಹ್ನ ಒಂದು ಆಟ ಆಡುತ್ತಿದ್ದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಕಾಡಿನಲ್ಲಿ ದಾರಿ ಕವಲೊಡೆದರೆ ಎತ್ತ ಹೋಗುತ್ತೀರಿ ಎಂದು ನೀವು ಹೇಳಬೇಕು. ಕೋಟೆಯ ಗೋಡೆ ಹತ್ತಿದಿರೋ ಬಿದ್ದಿರೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ಯಾರು ಎಲ್ಲಿ ನಿಂತಿದ್ದಾರೆಂದು ತೋರಿಸಲು ಹೆಬ್ಬೆರಳುದ್ದದ ಗೊಂಬೆಗಳು ಬೇಕು. ಅವರು ಪೆನ್ನಿನ ಮುಚ್ಚಳ ಇಟ್ಟುಕೊಂಡು ಆಡುತ್ತಿದ್ದರು.

ಸುಮ್ಮನೆ ನೋಡಿ ಬರೋಣವೆಂದು ಹೋದವಳು ಸಂಜೆ ಏಳಕ್ಕೆ ಎದ್ದೆ. ನನ್ನ ಪಾತ್ರ ಒಬ್ಬ ಕಳ್ಳಿಯದು. ಮನೆಯಲ್ಲಾಗಲಿ ಕ್ಲಿನಿಕ್ಕಿನಲ್ಲಾಗಲಿ ಯಾರಿಗೂ ಎದುರಾಡದ ನಾನು ಆ ಮೇಜಿನ ಮೇಲೆ ರಾಜನ ಕಿರೀಟ ಕದ್ದು, ಅದನ್ನು ಅವನಿಗೇ ಮಾರಿದೆ. ನಕ್ಕು ನಕ್ಕು ಹೊಟ್ಟೆ ನೋವಾಯಿತು. ಮನೆಗೆ ಬಂದು ನನ್ನ ಗಂಡ ಹರೀಶನಿಗೆ ಇದನ್ನೆಲ್ಲ ಹೇಳಿದರೆ, ಅವನು ನನ್ನನ್ನು ಹೊಸಬಳಂತೆ ನೋಡಿದ. ಅಷ್ಟು ಖುಷಿಯಾಗಿದ್ದೆ ನಾನು, ಅದನ್ನು ಅಲ್ಲಗಳೆಯುವುದಿಲ್ಲ.

ಗೊಂಬೆಗಳನ್ನು ನಾನೇ ಮಾಡುತ್ತೇನೆಂದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನವು ಸಿಗುತ್ತವೆ, ಆದರೆ ಎಲ್ಲಕ್ಕೂ ಹೊರದೇಶದ ಕವಚ, ಹೊರದೇಶದ ಮೂಗು. ಬಸವರಾಜನ ಕಥೆಯಲ್ಲಿದ್ದದ್ದು ಕಂಬಳಿ ಹೊದ್ದ ಮಂತ್ರವಾದಿ, ಕಚ್ಚೆಸೀರೆಯ ಬಿಲ್ಲುಗಾರ್ತಿ, ಕೆರೆಯ ಪಿಶಾಚಿ. ಮೇಣದಲ್ಲಿ ಕೆತ್ತಿದೆ, ಲ್ಯಾಬಿನಲ್ಲಿ ಉಳಿದ ರಬ್ಬರಿನಿಂದ ಅಚ್ಚು ತೆಗೆದೆ. ಎರಕಕ್ಕೆ ಲೋಹ ಬೇಕಿತ್ತು. ಚಕ್ರ ಓಲಾಡದಿರಲಿ ಎಂದು ಕಾರಿನ ಚಕ್ರಕ್ಕೆ ಬಡಿಯುವ ಸೀಸದ ಸಣ್ಣ ತುಂಡುಗಳು ಟೈರ್ ಅಂಗಡಿಗಳಲ್ಲಿ ಡಬ್ಬಗಟ್ಟಲೆ ಬಿದ್ದಿರುತ್ತವೆ. ಒಂದು ಹಳೆಯ ಕಬ್ಬಿಣದ ಒಗ್ಗರಣೆ ಸೌಟಿನಲ್ಲಿ ಹಾಕಿ ಒಲೆಯ ಮೇಲಿಟ್ಟರೆ ಸಾಕು, ಕ್ಷಣದಲ್ಲಿ ಕರಗುತ್ತಿತ್ತು. ಅಚ್ಚಿನ ಮೂಲೆಮೂಲೆಗೆ ಹರಿಯುತ್ತಿತ್ತು. ಗೊಂಬೆ ಅಂಗೈಗೆ ತೂಕವಾಗಿ ಕೂರುತ್ತಿತ್ತು.

ಬಣ್ಣ ಹಚ್ಚುವುದೇ ನನಗೆ ಎಲ್ಲಕ್ಕಿಂತ ಇಷ್ಟ. ಬಟ್ಟೆಯ ಮಡಿಕೆಗಳಿಗೆ ನೀರಾದ ಕಪ್ಪು ಇಳಿಸಿ, ಉಬ್ಬಿದ ಕಡೆಯೆಲ್ಲ ತಿಳಿಬಣ್ಣ ಸವರುತ್ತ ಹೋದರೆ ಬೂದು ತುಂಡು ನಿಧಾನವಾಗಿ ಮನುಷ್ಯರೂಪ ತಾಳುತ್ತದೆ. ವಿಗ್ರಹ ಮಾಡುವವರ ಹಾಗೆ ನಾನೂ ಕಣ್ಣನ್ನು ಕೊನೆಗೆ ಬರೆಯುತ್ತಿದ್ದೆ. ಸಾಸಿವೆಗಿಂತ ಚಿಕ್ಕ ಕಣ್ಣು. ಅದಕ್ಕೆ ಬ್ರಶ್ಶಿನ ತುದಿ ಸೂಜಿಯಾಗಬೇಕು, ಸೂಜಿಯಾಗಬೇಕಾದರೆ ಅದನ್ನು ತುಟಿಯ ನಡುವೆ ಎಳೆಯಬೇಕು. ಈ ಹವ್ಯಾಸದವರೆಲ್ಲ ಹಾಗೆ ಮಾಡುತ್ತಾರೆ. ಬೂದು ಪುಡಿ ಅಂಟಿದ ಬೆರಳಲ್ಲಿ ಹಿಡಿದ ಬ್ರಶ್ಶನ್ನು ಒಂದು ಗೊಂಬೆಗೆ ನಲವತ್ತು ಸಲ ಬಾಯಿಗಿಟ್ಟಿರಬಹುದು.

ಸೀಸ ವಿಷ ಎಂದು ಗೊತ್ತಿರಲಿಲ್ಲವೇ ಎಂದು ಎಲ್ಲರೂ ಕೇಳಿದ್ದಾರೆ. ಗೊತ್ತಿತ್ತು. ಲ್ಯಾಬಿನಲ್ಲಿ ಲೋಹ ಉಜ್ಜುವಾಗ ಮಾಸ್ಕ್ ಹಾಕುವವಳು, ಧೂಳು ಹೀರುವ ಯಂತ್ರವಿಲ್ಲದೆ ಮೇಜಿಗೆ ಕೂರದವಳು ನಾನು. ಆದರೆ ಅದು ಕೆಲಸ. ಮನೆಯಲ್ಲಿ ಮಾಡುವುದು ಆಟ. ಆಟದಿಂದ ಯಾರಿಗೆ ಏನಾಗುತ್ತದೆ? ಕಿಟಕಿ ತೆರೆದಿಟ್ಟಿದ್ದೇನಲ್ಲ, ಆಮೇಲೆ ಸೋಪು ಹಾಕಿ ಕೈ ತೊಳೆಯುತ್ತೇನಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ.

ಇಂಚರಾ ಮೇಜಿನ ಕೆಳಗೆ ಕೂತಿರುತ್ತಿದ್ದಳು. ನಾನು ಉಜ್ಜುವಾಗ ಉದುರುವ ಪುಡಿಗೆ ಅವಳು ಬೆಳ್ಳಿ ಅನ್ನುತ್ತಿದ್ದಳು. ಬೆರಳಿಗೆ ಹಚ್ಚಿಕೊಂಡು ಕಾಗದದ ಮೇಲೆ ಚಂದ್ರ ಬರೆಯುತ್ತಿದ್ದಳು. ಎರಕ ಸರಿಯಾಗಿ ಬಾರದ ಗೊಂಬೆಗಳೆಲ್ಲ ಅವಳ ಪಾಲು, ಕೈಯಿಲ್ಲದವು, ಮುಖವಿಲ್ಲದವು. ಅವನ್ನು ಸಾಲಾಗಿ ಕೂರಿಸಿ ಪಾಠ ಮಾಡುತ್ತಿದ್ದಳು, ಒಂದು ಕೈಯಲ್ಲಿ ಮಂಡಕ್ಕಿ ತಿನ್ನುತ್ತ. ಅವಳಿಗೂ ಒಂದು ಬ್ರಶ್ಶು ಕೊಟ್ಟಿದ್ದೆ. ಮೊದಲ ದಿನವೇ ಅದರ ತುದಿಯನ್ನು ತುಟಿಗಿಟ್ಟು, ನನ್ನ ಹಾಗೇ ಕಣ್ಣು ಕಿರಿದು ಮಾಡಿ ನೋಡಿದಳು. ನಾನು ಅದರ ಫೋಟೋ ತೆಗೆದೆ. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಅಳಿಸಲು ಹೋಗುತ್ತೇನೆ, ಆಗುವುದಿಲ್ಲ.

ಶುರುವಾದದ್ದು ಹೊಟ್ಟೆನೋವಿನಿಂದ. ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು, ಆಮೇಲೆ ಬಿಡುತ್ತಿತ್ತು. ನಾಲ್ಕು ದಿನವಾದರೂ ಹೊಟ್ಟೆ ಖಾಲಿಯಾಗುತ್ತಿರಲಿಲ್ಲ. ಕಾಫಿ ಕುಡಿದರೆ ನಾಣ್ಯ ನೆಕ್ಕಿದ ರುಚಿ. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ನಡೆಯುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದೆ. ದಿನಾ ಹಾಲು ಕೊಡುವ ಆಂಟಿಯ ಹೆಸರು ಒಂದು ಬೆಳಿಗ್ಗೆ ನೆನಪಿಗೆ ಬರಲಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟು ಬರುತ್ತಿತ್ತು.

ಮೊದಲ ಡಾಕ್ಟರು ಗ್ಯಾಸ್ ಅಂದರು. ಎರಡನೆಯವರು ಗಂಟಲಲ್ಲಿ ಕ್ಯಾಮೆರಾ ಇಳಿಸಿ ಏನೂ ಇಲ್ಲ ಅಂದರು. ಮೂರನೆಯವರು ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ ಬರೆದರು. ನಾಲ್ಕನೆಯವರು ಫೈಲನ್ನೆಲ್ಲ ತಿರುವಿ ಹಾಕಿ, ಮನೆಯಲ್ಲಿ ಟೆನ್ಷನ್ ಇದೆಯೇ ಎಂದು ಕೇಳಿದರು. ತುಂಬಾ ಒಳ್ಳೆಯ ಮನುಷ್ಯ. ಒಂದೆರಡು ತಿಂಗಳು ರಜೆ ಹಾಕಿ ಮೇಡಂ, ಮನಸ್ಸಿಗೆ ಖುಷಿ ಕೊಡೋ ಹವ್ಯಾಸ ಏನಾದ್ರೂ ಇಟ್ಕೊಳ್ಳಿ ಅಂದರು. ನಾನು ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ರಜೆ ಹಾಕಿ, ಮನೆಯಲ್ಲಿ ಕೂತು, ವಾರಕ್ಕೆ ಒಂದಿದ್ದದ್ದು ದಿನಕ್ಕೊಂದರಂತೆ ಗೊಂಬೆ ಎರಕ ಹೊಯ್ದೆ.

ಆಸ್ಪತ್ರೆಗಳ ಕಾಯುವ ಕೋಣೆಗಳೆಲ್ಲ ಒಂದೇ ಥರ. ಒಂದಕ್ಕೊಂದು ಬೆಸೆದ ಸ್ಟೀಲ್ ಕುರ್ಚಿಗಳು, ಸದ್ದು ತೆಗೆದ ಟಿವಿಯಲ್ಲಿ ಬಾಯಾಡಿಸುವ ಅತ್ತೆ ಸೊಸೆ, ಟೋಕನ್ ನಂಬರ್ ಕೂಗಿದಾಗ ಎಲ್ಲರೂ ಕೈಯಲ್ಲಿರುವ ಚೀಟಿಯನ್ನು ಇನ್ನೊಮ್ಮೆ ನೋಡಿಕೊಳ್ಳುವುದು. ನನಗೆ ಹೆದರಿಕೆ. ಕ್ಯಾನ್ಸರ್ ಇರಬೇಕು, ಯಾರೂ ಹೇಳುತ್ತಿಲ್ಲ ಅನ್ನಿಸುತ್ತಿತ್ತು. ಧೈರ್ಯಕ್ಕೆಂದು ಪರ್ಸಿನಲ್ಲಿ ನನ್ನ ಕಳ್ಳಿಯ ಗೊಂಬೆಯನ್ನು ಇಟ್ಟುಕೊಂಡು ಹೋಗುತ್ತಿದ್ದೆ. ಅದಕ್ಕಿನ್ನೂ ಬಣ್ಣ ಹಚ್ಚಿರಲಿಲ್ಲ. ಗಂಟೆಗಟ್ಟಲೆ ಹೆಬ್ಬೆರಳಿನಿಂದ ಅದರ ಬೆನ್ನು ಉಜ್ಜುತ್ತ ಕೂರುತ್ತಿದ್ದೆ. ಪಕ್ಕದಲ್ಲಿ ಕೂತವರು ಜಪ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು.

ಅಮ್ಮ ಹನುಮಂತನಗರದಿಂದ ನೋಡಲು ಬಂದಳು. ನಡುಮನೆಯ ಷೆಲ್ಫಿನಲ್ಲಿ ಸಾಲಾಗಿ ನಿಂತ ನಲವತ್ತು ಗೊಂಬೆಗಳನ್ನು ನೋಡಿ ಒಳಗೆ ಬರಲೇ ಹಿಂದೆಮುಂದೆ ನೋಡಿದಳು. "ಮಗು ಇರೋ ಮನೇಲಿ ಪಿಶಾಚಿಗಳನ್ನ ಮಾಡಿ ನಿಲ್ಸಿದ್ದೀಯಲ್ಲೇ, ಅವು ಬಂದ್ಮೇಲೆ ತಾನೆ ನೀನು ಹಿಂಗಾಗಿದ್ದು. ಮೊದ್ಲು ಆಚೆ ಹಾಕು" ಅಂದಳು. ನಾನು ಅವಳಿಗೆ ಅರ್ಧ ಗಂಟೆ ಪಾಠ ಮಾಡಿದೆ. ಮೂಢನಂಬಿಕೆ ಎಂದೆ, ಶಾಲೆಗೆ ಹೋಗುವ ಮೊಮ್ಮಗಳ ಮುಂದೆ ಇಂಥದ್ದೆಲ್ಲ ಮಾತಾಡಬೇಡ ಎಂದೆ. ಅಮ್ಮ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿ, ಕಣ್ಣೊರೆಸಿಕೊಂಡು ಹೋದಳು. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು, ಕಾರಣವೊಂದು ಬಿಟ್ಟು.

ಆ ವಾರವೇ ಒಂದು ಮಧ್ಯಾಹ್ನ ನಿದ್ದೆಯಿಂದ ಕಣ್ಣು ಬಿಟ್ಟರೆ ಗೊಂಬೆಗಳೆಲ್ಲ ನನ್ನ ಕಡೆ ತಿರುಗಿ ನಿಂತಿದ್ದವು. ಬೆಳಿಗ್ಗೆ ಅವು ಬಾಗಿಲ ಕಡೆ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ನಲವತ್ತು ಜೊತೆ ಕಣ್ಣು, ಎಲ್ಲ ನಾನೇ ಬರೆದದ್ದು. ಏಳಲು ನೋಡಿದೆ, ಬಲಗೈ ಊರಿದರೆ ಮಣಿಕಟ್ಟು ನಿಲ್ಲಲಿಲ್ಲ, ಬಾಡಿದ ಹೂವಿನ ಹಾಗೆ ಕೆಳಗೆ ಬಿತ್ತು. ಕೂಗಿಕೊಂಡೆ. ಇಂಚರಾ ಒಳಗಿನಿಂದ ಓಡಿ ಬಂದಳು. ತಾನೇ ಒಂದೊಂದನ್ನೂ ತಿರುಗಿಸಿದೆ ಅಂದಳು. ನಾನು ಮಲಗಿದಾಗ ಅವು ನನ್ನನ್ನು ನೋಡಿಕೊಳ್ಳಲಿ ಎಂದು. ಅವಳನ್ನು ತಬ್ಬಿಕೊಂಡು ಅತ್ತೆ, ಇಂಥ ಮಗಳನ್ನು ಹೆತ್ತೆನಲ್ಲ ಎಂದು. ಈಗ ಅದು ನೆನಪಾದರೆ ಬೇರೆಯದೇ ಕಾಣುತ್ತದೆ: ಎರಡು ಪುಟ್ಟ ಕೈ, ನಲವತ್ತು ಗೊಂಬೆ, ಆಮೇಲೆ ಬಾಯಿಗೆ ಹೋದ ಬಿಸ್ಕತ್ತು.

ಕೈ ಹೀಗಾದದ್ದನ್ನು ಹೇಳಿ, ರಜೆ ಮುಂದುವರಿಸಲು ಮರುದಿನ ಕ್ಲಿನಿಕ್ಕಿಗೆ ಹೋದೆ. ನಮ್ಮ ಡಾಕ್ಟರಮ್ಮನಿಗೆ ಅರವತ್ತು ದಾಟಿದೆ, ನಾನು ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು ಮಗಳಂತೆ ನೋಡಿಕೊಂಡವರು. ಮಾತಾಡುವಾಗ ಅವರ ಕಣ್ಣು ಅಭ್ಯಾಸದಂತೆ ನನ್ನ ಬಾಯಿಯ ಮೇಲೇ ಇತ್ತು. ನಡುವೆ ನನ್ನನ್ನು ತಡೆದು, ಕುರ್ಚಿಯಲ್ಲಿ ಕೂರಿಸಿ, ದೀಪ ಹಾಕಿ, ಕೆಳತುಟಿ ಸರಿಸಿ ನೋಡಿದರು. ತುಂಬಾ ಹೊತ್ತು ನೋಡಿದರು. ಒಸಡು ಹಲ್ಲಿಗೆ ಕೂಡುವಲ್ಲಿ ಪೆನ್ಸಿಲಿನಿಂದ ಎಳೆದ ಹಾಗೆ ಒಂದು ಬೂದುನೀಲಿ ಗೆರೆ. ದಿನವಿಡೀ ಬೇರೆಯವರ ಬಾಯಿಯ ಅಚ್ಚು ನೋಡುವ ನಾನು ನನ್ನ ಬಾಯಿಯನ್ನು ನೋಡಿಕೊಂಡಿರಲಿಲ್ಲ.

"ಎಲ್ಲಾದ್ರೂ ಸೀಸ ಮುಟ್ತೀಯೇನಮ್ಮ?" ಎಂದು ಕೇಳಿದರು.

ನಾನು ಪರ್ಸಿನಿಂದ ಗೊಂಬೆ ತೆಗೆದು ಅವರ ಮುಂದಿನ ಟ್ರೇಯಲ್ಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಹೊಸ ಗ್ಲೌಸ್ ತೆಗೆದು ಹಾಕಿಕೊಂಡು, ಆಮೇಲೆ ಎತ್ತಿ ನೋಡಿದರು. ಚೆನ್ನಾಗಿ ಮಾಡಿದ್ದೀಯ ಅಂದರು. ಅದು ಆಸೆಪಟ್ಟು ಕಾದಿದ್ದ ಮಾತು, ಬಂದದ್ದು ಆ ಹೊತ್ತಿನಲ್ಲಿ. ಆಮೇಲೆ ಗೊಂಬೆಯನ್ನು ಇಟ್ಟು, ನನ್ನ ಮುಖ ನೋಡದೆ ಕೇಳಿದರು, "ಮಗು ಇದನ್ನ ಮುಟ್ಟುತ್ತಾ?"

ಅಲ್ಲಿಯವರೆಗೆ ನಾನು ರೋಗಿ. ಆ ಪ್ರಶ್ನೆಯ ಮೇಲೆ ನಾನು ರೋಗಿ ಆಗಿರಲಿಲ್ಲ, ಬೇರೆ ಏನೋ ಆದೆ. ಹೊಟ್ಟೆ ಹಿಂಡುವುದು, ಕೈ ಬೀಳುವುದು ಯಾವುದೂ ನನಗೆ ಲೆಕ್ಕಕ್ಕೇ ಇಲ್ಲವಾಯಿತು.

ಮಾರನೆಯ ದಿನ ಮೂವರೂ ಜೆ.ಪಿ. ನಗರದ ಲ್ಯಾಬಿಗೆ ಹೋದೆವು. ಇಂಚರಾ ಸೂಜಿಗೆ ಹೆದರಲಿಲ್ಲ. ಧೈರ್ಯಕ್ಕೆ ತನ್ನ ಮುಖವಿಲ್ಲದ ಗೊಂಬೆ ಬೇಕು ಅಂದಳು, ನೀನೂ ಆಸ್ಪತ್ರೆಗೆ ತಗೊಂಡು ಹೋಗ್ತೀಯಲ್ಲ ಅಂದಳು. ಬೇಡ ಅಂದೆ. ಯಾಕೆ ಎಂದು ಹೇಳಲಾಗಲಿಲ್ಲ. ಅದಕ್ಕೆ ಅತ್ತಳು. ರಕ್ತ ತೆಗೆಯುವ ಅಕ್ಕ ತನ್ನ ಜಡೆಯ ಕ್ಲಿಪ್ ಬಿಚ್ಚಿ ಅವಳ ಕೈಗೆ ಕೊಟ್ಟಳು, ಹಿಡಿದುಕೋ ಎಂದು. ಆ ಅಕ್ಕನ ಹೆಸರೂ ಕೇಳಲಿಲ್ಲ ನಾನು. ಆ ಕ್ಲಿಪ್ಪನ್ನು ಅವಳು ವಾಪಸ್ ತಗೊಳ್ಳಲಿಲ್ಲ.

ರಿಪೋರ್ಟಿಗೆ ನಾಲ್ಕು ದಿನ. ಆ ನಾಲ್ಕು ದಿನ ನಾವು ಮನೆ ಬಿಟ್ಟು ಅಮ್ಮನ ಮನೆಯಲ್ಲಿದ್ದೆವು. ಹರೀಶ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡನೆಯ ದಿನ ಅಮ್ಮ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಚುಂಯ್ ಎಂದ ಸದ್ದಿಗೆ ಹರೀಶ ತಟ್ಟೆಯ ಮುಂದಿನಿಂದ ಎದ್ದು ಹಿತ್ತಲಿಗೆ ಹೋಗಿ ನಿಂತ. ಹಿಂದೆಯೇ ಹೋದೆ.

"ಮಂಜು, ನೀನ್ ಮಲಗಿದ್ದಾಗ ನಾನೇ ಅಡುಗೆ ಮಾಡ್ತಿದ್ನಲ್ಲ" ಅಂದ. "ಆ ಸೌಟು ಒಲೆ ಪಕ್ಕದಲ್ಲೇ ಇರ್ತಿತ್ತು. ಯಾವುದಕ್ಕಂತ ನಂಗೆ ಗೊತ್ತಿರ್ಲಿಲ್ಲ. ಎಷ್ಟ್ ಸಲ ಒಗ್ಗರಣೆ ಹಾಕಿದ್ನೋ, ಅದೂ ನೆನಪಿಲ್ಲ."

ಆ ಸೌಟು ಬೇರೆ, ಅಡುಗೆಗಲ್ಲ ಎಂದು ಅವನಿಗೆ ನಾನು ಎಂದೂ ಹೇಳಿರಲಿಲ್ಲ. ಕೆಲಸದ ಜಾಗದಲ್ಲಿ ಒಂದು ಚಮಚಕ್ಕೂ ಹೆಸರು ಬರೆದು ಅಂಟಿಸುವವಳು ಮನೆಯಲ್ಲಿ ಬಾಯಿ ಬಿಟ್ಟು ಹೇಳಲಿಲ್ಲ. ಇಬ್ಬರೂ ಹಿತ್ತಲಲ್ಲಿ ನಿಂತು ಅತ್ತೆವು, ಒಳಗೆ ಕೇಳಿಸದ ಹಾಗೆ.

ರಿಪೋರ್ಟಿನಲ್ಲಿ ನನ್ನ ಸೀಸದ ಮಟ್ಟ ತುಂಬಾ ಹೆಚ್ಚು ಬಂತು. ಹರೀಶನದು ಸ್ವಲ್ಪ. ಇಂಚರಾದು ಇಬ್ಬರ ನಡುವೆ. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನನ್ನು ಅಡ್ಮಿಟ್ ಮಾಡಿಸಿಕೊಂಡರು. ಮಗುವಿಗೆ ಔಷಧಿ ಬೇಡ, ಸೀಸದಿಂದ ದೂರ ಇಡಿ, ಹಾಲು, ಸೊಪ್ಪು, ಕಬ್ಬಿಣದ ಟಾನಿಕ್ ಕೊಡಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಅಂದರು. ನನಗೆ ಕೊಡುವುದನ್ನೇ ಅವಳಿಗೂ ಕೊಡಿ ಎಂದು ಅಂಗಲಾಚಿದೆ. ಅವಳ ಮಟ್ಟಕ್ಕೆ ಆ ಔಷಧಿಯಿಂದಲೇ ತೊಂದರೆ ಹೆಚ್ಚು ಅಂದರು. ಹಾಗಾದರೆ ಈಗಾಗಲೇ ಎಷ್ಟು ಹಾನಿಯಾಗಿದೆ, ಅದನ್ನಾದರೂ ಹೇಳಿ ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಹೇಳೋಕಾಗಲ್ಲ ಮೇಡಂ. ಏನೂ ಆಗ್ದೇನೂ ಇರಬಹುದು. ಒಂಚೂರು ಆಗಿದ್ರೂ, ಇದಿಲ್ದೇ ಇದ್ದಿದ್ರೆ ಅವಳು ಹೇಗಿರ್ತಿದ್ಳು ಅಂತ ಯಾರಿಗೂ ಗೊತ್ತಾಗಲ್ಲ."

ಸಮಾಧಾನಕ್ಕೆಂದೇ ಹೇಳಿದ ಮಾತು. ಆದರೆ ಅಂದಿನಿಂದ ನನ್ನ ಮನೆಯಲ್ಲಿ ಇನ್ನೊಬ್ಬಳು ಇಂಚರಾ ಇದ್ದಾಳೆ. ಸೀಸ ಮುಟ್ಟದವಳು. ನಮ್ಮ ಇಂಚರಾ ಓದುವಾಗ ಒಂದು ಅಕ್ಷರಕ್ಕೆ ತಡವರಿಸಿದರೆ ಅವಳು ತಡವರಿಸುವುದಿಲ್ಲ. ಇವಳು ಛತ್ರಿ ಮರೆತು ಬಂದರೆ ಅವಳು ತಂದಿರುತ್ತಾಳೆ. ಮುಖ ಕಾಣುವುದಿಲ್ಲ, ಯಾವಾಗಲೂ ಇವಳಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿರುತ್ತಾಳೆ.

ಆಸ್ಪತ್ರೆಯಲ್ಲಿ ಕೊಟ್ಟ ಕ್ಯಾಪ್ಸೂಲಿಗೆ ಕೊಳೆತ ಮೊಟ್ಟೆಯ ವಾಸನೆ. ಬೆವರಿಗೂ ಉಸಿರಿಗೂ ಅದೇ. ಪಕ್ಕದ ಮಂಚದ ಅಜ್ಜಿ ವಿಲ್ಸನ್ ಗಾರ್ಡನ್‌ನವರು, ಮೂಗು ಮುಚ್ಚಿಕೊಂಡೇ ನನಗೆ ಕಿತ್ತಳೆ ಸುಲಿದು ಕೊಡುತ್ತಿದ್ದರು. ಹಾಸಿಗೆಯಿಂದಲೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ, ನಾನು ಕೊಟ್ಟ ಗೊಂಬೆಗಳನ್ನು ಕವರಿನಲ್ಲಿ ಕಟ್ಟಿಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು. ಉಡುಗೊರೆ ಕೊಟ್ಟದ್ದನ್ನು ವಿಷ ಎಂದು ಹೇಳುವ ಮುಂಚೆ ಪ್ರತಿ ಸಲವೂ ಅವರ ಮನೆಯವರನ್ನೆಲ್ಲ ವಿಚಾರಿಸುತ್ತಿದ್ದೆ. ಬಸವರಾಜನಿಗೆ ಕೊನೆಗೆ ಮಾಡಿದೆ. ಅವನು ಪೂರ್ತಿ ಕೇಳಿ, "ನಮ್ದು ಇರ್ಲಿ ಬಿಡ್ರಿ ಅಕ್ಕಾರ, ಮಾಡಸ್ತೀವಿ. ಕೂಸಿಂದು ಹೇಳ್ರಿ ಮೊದ್ಲ" ಅಂದ. ಅವರ್‍ಯಾರಿಗೂ ಏನೂ ಆಗಿರಲಿಲ್ಲ. ಮುಂದಿನ ಭಾನುವಾರ ನಾಲ್ವರೂ ವಾರ್ಡಿಗೇ ಬಂದರು, ರಟ್ಟಿನಲ್ಲಿ ಗೊಂಬೆ ಕತ್ತರಿಸಿಕೊಂಡು. ಊಟ ಇಡುವ ಚಕ್ರದ ಮೇಜಿನ ಮೇಲೆ ಆಡಿದೆವು. ದಾಳ ಎಸೆಯಲು ಕೈ ಏಳುತ್ತಿರಲಿಲ್ಲ, ಅಜ್ಜಿ ನನ್ನ ಪರವಾಗಿ ಎಸೆದರು. ನನ್ನ ಕಳ್ಳಿ ಆ ದಿನ ಕೋಟೆಯಿಂದ ಬಿದ್ದಳು, ಎಲ್ಲರೂ ನಕ್ಕರು, ನಾನೂ.

ಅಮ್ಮ ಒಂದೇ ಒಂದು ಸಲವೂ ನಾನು ಹೇಳಿರಲಿಲ್ವಾ ಅನ್ನಲಿಲ್ಲ. ದಿನಾ ಬಸ್ಸಿನಲ್ಲಿ ಬಂದು ಖಾಲಿ ಮನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಕಿಟಕಿಯ ಸಂದು, ಫ್ಯಾನಿನ ರೆಕ್ಕೆ, ಆಟಿಕೆಯ ಬುಟ್ಟಿ. ಗೊಂಬೆಗಳನ್ನು ಮಾತ್ರ ಅರಿಶಿನ ಕುಂಕುಮ ಹಾಕಿ ಕೆರೆಗೆ ಬಿಡೋಣ ಅಂದಳು. ಮೀನುಗಳ ಗತಿ ಏನು ಎಂದೆ. ಕೊನೆಗೆ ಡಾಕ್ಟರಮ್ಮ ಕ್ಲಿನಿಕ್ಕಿನ ಅಪಾಯದ ಕಸದ ಜೊತೆ ಸಾಗಿಸಿದರು. ಡಬ್ಬ ಮುಚ್ಚುವ ಮುಂಚೆ ನೋಡುತ್ತೀಯಾ ಎಂದು ಕೇಳಿದರು. ನೋಡಿದೆ. ಚೆನ್ನಾಗಿದ್ದವು.

ಇದೆಲ್ಲ ಆಗಿ ಎರಡೂವರೆ ವರ್ಷವಾಯಿತು. ಒಸಡಿನ ಗೆರೆ ಮಾಸಿದೆ. ಮಣಿಕಟ್ಟು ಬಹುಪಾಲು ನೆಟ್ಟಗಾಗಿದೆ, ಕೆಲಸಕ್ಕೆ ಹೋಗುತ್ತೇನೆ, ಭಾನುವಾರ ಆಡುತ್ತೇನೆ, ಹೊರದೇಶದ ಮೂಗಿನ ಪ್ಲಾಸ್ಟಿಕ್ ಗೊಂಬೆಗಳಿಗೆ ಬಣ್ಣವನ್ನೂ ಹಚ್ಚುತ್ತೇನೆ, ಮಾಸ್ಕ್ ಹಾಕಿಕೊಂಡು. ಮೂಳೆಯೊಳಗೆ ಕೂತ ಸೀಸ ವರ್ಷಗಟ್ಟಲೆ ಇರುತ್ತದಂತೆ, ಸ್ವಲ್ಪ ಸ್ವಲ್ಪವೇ ಹೊರಬರುತ್ತದಂತೆ. ಹೆಸರುಗಳು ಈಗಲೂ ಕೈಕೊಡುತ್ತವೆ. ಇಂಚರಾದು ಪ್ರತಿ ಪರೀಕ್ಷೆಯಲ್ಲೂ ಇಳಿಯುತ್ತಾ ಬಂದು, ಈಗ ಡಾಕ್ಟರು ಇನ್ನು ಬರಬೇಡಿ ಅಂದಿದ್ದಾರೆ. ಟೀಚರು ಜಾಣೆ ಅನ್ನುತ್ತಾರೆ, ಸ್ವಲ್ಪ ಕನಸುಗಣ್ಣಿನವಳು ಅನ್ನುತ್ತಾರೆ. ಮೊದಲ ಮಾತು ನನ್ನ ಕಿವಿಗೆ ಬೀಳುವುದಿಲ್ಲ, ಎರಡನೆಯದನ್ನು ಮನೆಯವರೆಗೂ ಹೊತ್ತುಕೊಂಡು ಬರುತ್ತೇನೆ.

ಅವಳನ್ನು ಪರೀಕ್ಷಿಸುವುದು ನನಗೆ ಚಟವಾಯಿತು. ಜಡೆ ಹಾಕುವಾಗ ಮಗ್ಗಿ ಕೇಳುತ್ತಿದ್ದೆ. ಬಸ್ಸಿನಲ್ಲಿ ಅಂಗಡಿ ಬೋರ್ಡು ಓದಿಸುತ್ತಿದ್ದೆ. ಐದು ಸಾಮಾನಿನ ಹೆಸರು ಹೇಳಿ, ಹತ್ತು ನಿಮಿಷ ಬಿಟ್ಟು ಏನೇನು ಹೇಳಿದೆ ಎಂದು ಕೇಳುತ್ತಿದ್ದೆ, ಆಟದ ದನಿಯಲ್ಲಿ. ಸರಿ ಹೇಳಿದರೆ ಆ ದಿನ ಊಟ ರುಚಿಸುತ್ತಿತ್ತು. ತಪ್ಪಿದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಅವಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಜಡೆ ಹಾಕುತ್ತಿದ್ದೆ. ಏಳರ ಮಗ್ಗಿಯಲ್ಲಿ ಒಂದು ಕಡೆ ನಿಂತಳು. ನನ್ನ ಕೈಯೂ ನಿಂತಿತು. ಅವಳು ತಿರುಗಿ, "ಅಮ್ಮ, ನಾನ್ ತಪ್ಪು ಹೇಳಿದ್ರೆ ನೀನ್ಯಾಕೆ ಬಚ್ಚಲಿಗೆ ಹೋಗ್ತೀಯ?" ಎಂದು ಕೇಳಿದಳು.

ಅವಳಿಗೀಗ ಎಂಟು. ಸುಳ್ಳು ಹೇಳಬಹುದಿತ್ತು. ಆದರೆ ಹೇಳದೆ ಬಿಟ್ಟ ಒಂದು ಸೌಟಿನ ಮಾತು ಏನು ಮಾಡಿತೆಂದು ನನಗೆ ಗೊತ್ತಿದೆ. ಮುಂದೆ ಕೂರಿಸಿಕೊಂಡು ಎಲ್ಲ ಹೇಳಿದೆ. ಬೆಳ್ಳಿಪುಡಿ ಬೆಳ್ಳಿಯಲ್ಲ ಎಂದೆ. ಅದು ಅವಳ ರಕ್ತಕ್ಕೆ ಹೋಗಿತ್ತು, ತಂದವಳು ನಾನು, ಅದರಿಂದ ಅವಳ ಬುದ್ಧಿಗೆ ಏನಾದರೂ ಆಗಿದೆಯೋ ಎಂದು ದಿನಾ ಹೆದರುತ್ತೇನೆ ಎಂದೆ. ತಪ್ಪಾಯಿತು ಎಂದೆ. ಆ ಮಾತನ್ನು ಅವಳಿಗೆ ಮೊದಲ ಸಲ ಹೇಳಿದ್ದು.

ಅವಳು ತನ್ನ ಅರ್ಧ ಹಾಕಿದ ಜಡೆಯನ್ನು ಹಿಡಿದುಕೊಂಡು ಕೇಳಿಸಿಕೊಂಡಳು. "ನಿನ್ನ ರಕ್ತದಲ್ಲೂ ಇತ್ತಾ?" ಅಂದಳು. ಹೂಂ, ತುಂಬಾ ಇತ್ತು ಅಂದೆ. ನನಗಿಂತ ಜಾಸ್ತಿಯಾ ಅಂದಳು. ಜಾಸ್ತಿ ಅಂದೆ.

ಹಿಡಿದಿದ್ದ ಜಡೆಯನ್ನು ಕೈಬಿಟ್ಟಳು. "ಮತ್ತೆ ನಿನ್ನ ಯಾರು ಕೇಳ್ತಾರೆ?"

ಯಾರೂ ಕೇಳುವುದಿಲ್ಲ ಅಂದೆ. ಅವಳು ಮಂಡಿಯೂರಿ ಕೂತು, ಐದು ಸಾಮಾನು ಹೇಳಿದಳು: ಬಾಳೆಹಣ್ಣು, ರೈಲು, ಕನ್ನಡಕ, ಆನೆ, ಬೀಗ. ಹತ್ತು ನಿಮಿಷ ಗೋಡೆ ಗಡಿಯಾರ ನೋಡುತ್ತ ಕೂತಳು, ನನ್ನನ್ನು ಮಾತಾಡಲು ಬಿಡಲಿಲ್ಲ. ಈ ಆಟದ ಕ್ರಮ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಹೇಳು ಅಂದಳು.

ಬಾಳೆಹಣ್ಣು ಅಂದೆ. ಆನೆ ಅಂದೆ. ಬೀಗ. ಆಮೇಲೆ ಬರಲಿಲ್ಲ. ನೆನಪಿನಲ್ಲಿ ಕೈಯಾಡಿಸಿದೆ, ಅಲ್ಲಿ ಏನೂ ಸಿಗಲಿಲ್ಲ.

ಇಂಚರಾ ಮುಖದಲ್ಲಿ ಏನೂ ತೋರದಂತೆ, ನನ್ನ ಕಣ್ಣನ್ನೇ ನೋಡುತ್ತ ಕಾದಳು. ಆಮೇಲೆ ಪರವಾಗಿಲ್ಲ ಬಿಡು ಎಂದು, ಎದ್ದು ಬಚ್ಚಲಿಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು.